ಗೋಡೆಯ ಕಡೆಯ ಹಾಡು

ಅವರ ಹತ್ತು ಬೆರಳಿಗೂ ಉಗುರೇ ಇಲ್ಲವೇನೋ ಎನ್ನಿಸುತ್ತಿತ್ತು. ಚರ್ಮಕ್ಕೆ ಅಂಟುವಷ್ಟು ಗಿಡ್ಡಕ್ಕೆ ಕತ್ತರಿಸಿ, ಮೇಲೆ ಕಲ್ಲಿಗೆ ತಿಕ್ಕಿ ನಯ ಮಾಡಿಕೊಂಡಿದ್ದ ಬೆರಳುಗಳು. ಅಂಗೈಗೆ ಯಾವಾಗಲೂ ಮಕ್ಕಳ ಪೌಡರ್ ಮೆತ್ತಿರುತ್ತಿತ್ತು. ಮೆಟ್ಟಿಲ ಕಂಬಿಯ ಮೇಲೆ, ಸೊಸೈಟಿಯ ನೋಟಿಸ್ ಬೋರ್ಡಿನ ಗಾಜಿನ ಮೇಲೆ, ನಮ್ಮ ಮನೆಗೆ ಬಂದರೆ ಚಹಾ ಲೋಟದ ಮೇಲೆ ಅವರ ಬಿಳಿ ಬೆರಳಚ್ಚು ಉಳಿದುಬಿಡುತ್ತಿತ್ತು. ಅವರು ಹೋದ ಮೇಲೆ ನನ್ನ ಅವ್ವ ಆ ಲೋಟ ತೊಳೆಯುತ್ತ, "ಈ ಮನಷಾ ದಿನಾ ಕೇರಂ ಆಡ್ತಾನೇನ?" ಎಂದು ಕೇಳುತ್ತಿದ್ದಳು.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕೆಳಗಿನ ಮನೆಯವರು ಅವರು. ಉಡುಪಿ ಕಡೆಯವರು, ಮನೆಯಲ್ಲಿ ತುಳು. ನಾವು ವಿಜಯಪುರದವರು. ನಮ್ಮ ಕಡೆ ಚಿಕ್ಕಪ್ಪನಿಗೆ ಕಾಕಾ ಅನ್ನುತ್ತೇವೆ, ಇಲ್ಲಿಯ ಮರಾಠಿಯಲ್ಲೂ ಹಾಗೇ. ಹೀಗಾಗಿ ಬಿಲ್ಡಿಂಗಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ಆಯುಷ್ಯ ಸವೆಸಿ ನಿವೃತ್ತರಾದವರು. ಅವರು ನಿವೃತ್ತರಾದ ಸ್ವಲ್ಪ ದಿನಕ್ಕೇ ಕಾಕುಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಕೈಕಾಲು ಹೋದವು. ಅಂದಿನಿಂದ ಕಾಕಾ ತಮ್ಮ ಬಾಗಿಲನ್ನು ಅರ್ಧಕ್ಕಿಂತ ಹೆಚ್ಚು ತೆರೆದದ್ದನ್ನು ನಾನು ನೋಡಲಿಲ್ಲ. ಚೆಂದಗೆ ಸೀರೆ ಉಟ್ಟು ತಿರುಗುತ್ತಿದ್ದ ಹೆಂಗಸು, ಹಾಸಿಗೆಯಲ್ಲಿ ಬಿದ್ದದ್ದನ್ನು ನಾಲ್ಕು ಜನ ನೋಡುವುದು ಆಕೆಗೆ ಬೇಡವಾಗಿತ್ತು ಎಂದು ಅವರು ಹೇಳುತ್ತಿದ್ದರು. ಆಕೆಯ ಪರವಾಗಿ ಮಾತಾಡುವುದು ಅವರಿಗೆ ಅಭ್ಯಾಸವಾಗಿತ್ತು.

ನನಗೂ ಅವರಿಗೂ ಬಳಕೆ ಬೆಳೆದದ್ದು ಜಗಳದಿಂದ. ಜಗಳದ ಕಾರಣ ಹಾಡು. ಅವರ ಮನೆಯಿಂದ ಹಳೆಯ ರೆಕಾರ್ಡಿನ ಹಾಡು ಮೇಲಕ್ಕೆ ಬರುತ್ತಿತ್ತು. ಸಿನಿಮಾದ್ದಲ್ಲ. ಎಪ್ಪತ್ತರ ದಶಕದಲ್ಲಿ ಗಿಟಾರ್ ಹಿಡಿದು ಹುಡುಗರು ಹಾಡುತ್ತಿದ್ದ ಪಾಪ್ ಹಾಡುಗಳು. ಒಮ್ಮೆ ಇಂಗ್ಲಿಷು, ಒಮ್ಮೆ ಕೊಂಕಣಿ, ಅಪರೂಪಕ್ಕೆ ಹಿಂದಿ. ಹಾಡುಗಳೇನೋ ಚೆನ್ನಾಗಿಯೇ ಇದ್ದವು. ಆದರೆ ಒಂದೇ ಒಂದು ಹಾಡು ಬಂದು ನಿಂತುಬಿಡುತ್ತಿತ್ತು. ಮುಂದಿನದು ಬರಬೇಕಾದರೆ ಎರಡು ತಾಸು ಕಾಯಬೇಕು. ವಾರವೆಲ್ಲ ಐರೋಲಿಯ ಆಫೀಸಿಗೆ ಲೋಕಲ್ ಟ್ರೇನಿನಲ್ಲಿ ಜೀವ ಹಿಡಿದು ಜೋತಾಡಿ, ಭಾನುವಾರ ಸ್ವಲ್ಪ ಮಲಗೋಣ ಎಂದರೆ, ಮೂಗಿಗೆ ಬಂದು ನಿಂತ ಸೀನಿಗೆ ಕಾದ ಹಾಗೆ ಆ ಎರಡನೆಯ ಹಾಡಿಗೆ ಮನಸ್ಸು ಕಾಯುತ್ತಿತ್ತು. ಒಂದು ಭಾನುವಾರ ತಡೆಯಲಾಗದೆ ಇಳಿದು ಹೋಗಿ ಬಾಗಿಲು ಬಡಿದೆ.

"ಕಾಕಾ, ಹಚ್ಚೂದಿದ್ರ ನಾಕ್ ಹಾಡ ಹಚ್ರಿ, ಇಲ್ಲಂದ್ರ ಬಿಡ್ರಿ. ಹಿಂಗ ಒಂದೊಂದ ಹಚ್ಚಿ ಯಾಕ್ರಿ ಜೀವಾ ತಿಂತೀರಿ?"

ಅವರು ಅರ್ಧ ಬಾಗಿಲಲ್ಲಿ ನಿಂತು ಅಂಗೈ ತಿಕ್ಕಿಕೊಳ್ಳುತ್ತ, ಒಂಚೂರೂ ನಗದೆ, "ಇನ್ನೊಂದು ಬದಿ ಮಧ್ಯಾಹ್ನಕ್ಕೆ ಉಂಟಲ್ಲ ಮಾರಾಯ್ತಿ. ಬೇಕಾದ್ರೆ ಬಾಗಿಲ ಹತ್ರ ನಿಂತು ಕೇಳು. ಆ ಬದಿಯೂ ಇಷ್ಟೇ ಚಂದ ಉಂಟು" ಎಂದರು. ನಾನು ಮೇಲೆ ಬಂದು ಅವ್ವನಿಗೆ ಹೇಳಿದೆ. ಅವ್ವ, "ಅಂವಗ ನೆಟ್ಟಗಿಲ್ಲ, ಬಿಡು" ಎಂದಳು.

ಅವರ ಮಗಳು ಐರೋಲಿಯಲ್ಲಿದ್ದಳು. ಭಾನುವಾರ ಕೆಲವೊಮ್ಮೆ ಬಂದು ತಾಯಿಯ ಹತ್ತಿರ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಕಾಕಾ ಕಲ್ಯಾಣಿನ ಒಂದು ರದ್ದಿ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಹಳೆಯ ಮನೆಗಳನ್ನು ಕೆಡವುವಾಗ ಬಂದ ಸಾಮಾನುಗಳ ನಡುವೆ ರೆಕಾರ್ಡುಗಳೂ ಬರುತ್ತಿದ್ದವು. ಅವರು ಹುಡುಕುತ್ತಿದ್ದದ್ದು ಅಂಗೈಯಗಲದ ಚಿಕ್ಕ ರೆಕಾರ್ಡುಗಳನ್ನು. ಆ ಬದಿಗೊಂದು ಈ ಬದಿಗೊಂದು, ಎರಡೇ ಹಾಡು ಇರುವಂಥವು. ಒಂದು ಸಲ ನನಗೂ ಕಲ್ಯಾಣಿನಲ್ಲಿ ಕೆಲಸವಿತ್ತು, ಜೊತೆಗೆ ಹೋದೆ.

ಅಂಗಡಿಯವನ ಹತ್ತಿರ ಒಂದು ಹಳೆಯ ಪ್ಲೇಯರ್ ಇತ್ತು. ಕಾಕಾ ಒಂದೊಂದು ರೆಕಾರ್ಡನ್ನೂ ಅಂಚು ಹಿಡಿದು ಇಟ್ಟು, ಒಂದು ಬದಿ ಪೂರ್ತಿ ಕೇಳಿ, ತಿರುಗಿಸಿ ಇನ್ನೊಂದು ಬದಿಯನ್ನೂ ಪೂರ್ತಿ ಕೇಳುತ್ತಿದ್ದರು. ನಾನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವನೇ ಆರಿಸಿ ಕೊಟ್ಟ ಒಂದು ಹಾಡು ಕುಣಿಯುವಂತಿತ್ತು. ಹಿಂಬದಿಯದು ಮಾತ್ರ ಸಪ್ಪೆ. ಕಾಕಾ ಅದನ್ನು ಪಕ್ಕಕ್ಕಿಟ್ಟರು. "ಅರೇ ಅಂಕಲ್, ಏಕ್ ಸೈಡ್ ತೋ ಏಕ್‌ದಮ್ ಮಸ್ತ್ ಹೈ. ದೂಸ್ರಾ ಸುನ್ತಾ ಕೌನ್ ಹೈ?" ಎಂದು ಅಂಗಡಿಯವನು ಗೊಣಗಿದ. ನನಗೂ ಹಾಗೇ ಅನ್ನಿಸಿ, "ಒಂದ ಬದಿ ಛಲೋ ಇದ್ರ ಸಾಲದೇನ್ರಿ ಕಾಕಾ?" ಎಂದೆ.

"ಸಾಲೂದಿಲ್ಲ" ಎಂದರು, ಅಷ್ಟೇ.

ಆಮೇಲೆ ತಳದಿಂದ ಒಂದು ರೆಕಾರ್ಡು ಸಿಕ್ಕಿತು. ನಡುವಿನ ಕಾಗದ ಎರಡೂ ಬದಿಯಲ್ಲಿ ಕಿತ್ತುಹೋಗಿತ್ತು, ಯಾರು ಹಾಡಿದ್ದು ಎಂದು ತಿಳಿಯುವ ಹಾಗಿರಲಿಲ್ಲ. ಮುಳ್ಳು ಇಟ್ಟ ಕೂಡಲೇ ಚಪ್ಪಾಳೆ, ಸಿಳ್ಳೆ, ನಾಲ್ಕು ಹುಡುಗರ ದನಿ. ಕಾಕಾ ಅಲ್ಲೇ ಇದ್ದ ಪೇಪರ್ ಕಟ್ಟಿನ ಮೇಲೆ ಕುಸಿದು ಕೂತರು. ಹಾಡು ಮುಗಿದರೂ ಏಳಲಿಲ್ಲ. ನಾನೇ ತಿರುಗಿಸಿ ಹಾಕಿದೆ. ಆ ಬದಿ ನಿಧಾನದ ಹಾಡು. ಒಂದೇ ದನಿ, ಹಿಂದೆ ಮೌತ್ ಆರ್ಗನ್. ಕೊನೆಗೆ ಬರುವಾಗ ಆ ಹುಡುಗನ ದನಿ ಸ್ವಲ್ಪ ಒಡೆಯುತ್ತದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ.

ವಾಪಸು ಟ್ರೇನಿನಲ್ಲಿ ಅವರು ತಾವಾಗಿಯೇ ಬಾಯಿ ಬಿಟ್ಟರು. ಅವರ ಹೋಟೆಲಿನಲ್ಲಿ ಆ ಕಾಲಕ್ಕೆ ಒಂದು ಜೂಕ್‌ಬಾಕ್ಸ್ ಇತ್ತಂತೆ. ನಾಣ್ಯ ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು ಹಾಡುವ ಪೆಟ್ಟಿಗೆ. ಒಂದೊಂದು ರೆಕಾರ್ಡಿಗೆ ಎರಡು ಗುಂಡಿ. ಎಲ್ಲರೂ ಒತ್ತುವ ಬದಿಯ ಗುಂಡಿಯ ಮೇಲಿನ ಅಕ್ಷರ ಸವೆದುಹೋಗಿತ್ತು. ಪಕ್ಕದ್ದು ಹೊಸದರ ಹಾಗೇ ಹೊಳೆಯುತ್ತಿತ್ತು.

"ಪಕ್ಕದ ಆಫೀಸಿನಲ್ಲಿ ಇವಳು ಟೈಪಿಸ್ಟ್. ಮಧ್ಯಾಹ್ನ ತಿಂಡಿಗೆ ಬಂದವಳು ಯಾವಾಗ್ಲೂ ಹೊಳೆಯುವ ಗುಂಡಿಯೇ ಒತ್ತೂದು. ಎಂತಕ್ಕೆ ಹಾಗೆ ಅಂತ ಕೇಳಿದೆ. ಅದನ್ನೂ ಯಾರೋ ಅಷ್ಟೇ ಕಷ್ಟಪಟ್ಟು ಹಾಡಿರ್ತಾರಲ್ಲ, ಅಂದ್ಳು." ಕಾಕಾ ಕಿಟಕಿಯ ಕಡೆ ತಿರುಗಿದರು. "ಈ ರೆಕಾರ್ಡು ಕಲ್ಯಾಣ್ ರೈಲ್ವೆ ಕಾಲೊನಿಯ ನಾಲ್ಕು ಹುಡುಗರದ್ದು. ಒಂದೇ ಒಂದು ಮಾಡಿದ್ದು, ಮತ್ತೆ ಸುದ್ದಿ ಇಲ್ಲ. ನಮ್ಮ ಹೋಟೆಲಿಗೆ ಬಂದು ಅವರವರೇ ಜಗಳ, ಯಾವುದು ಮುಂದಿನ ಬದಿ ಅಂತ. ಇವಳು ಗಲ್ಲಾದ ಹತ್ರ ನಿಂತು ನಗಾಡಿದ್ದೇ ನಗಾಡಿದ್ದು. ನಮ್ಮ ಮದುವೆಗೆ ಮೊದಲೇ ಹೋಟೆಲಿನ ಆ ರೆಕಾರ್ಡು ಸವೆದುಹೋಯ್ತು."

ಇದೆಲ್ಲ ಒಳ್ಳೆಯ ಹಳೆಯ ಪ್ರೇಮದ ಕಥೆ ಎಂದುಕೊಂಡೆ. ಇದ್ದದ್ದು ಅಷ್ಟೇ ಅಲ್ಲ ಎಂದು ಗೊತ್ತಾದದ್ದು ಮುಂದೆ ಒಂದು ಮಧ್ಯಾಹ್ನ ಅವರು ನನ್ನನ್ನು ಕೂಗಿ ಒಳಗೆ ಕರೆದಾಗ. ಕಾಕುವಿನ ಗಾಳಿ ಹಾಸಿಗೆ ತೂತಾಗಿತ್ತು, ಬದಲಿಸಲು ಇನ್ನೆರಡು ಕೈ ಬೇಕಾಗಿತ್ತು.

ಮೊದಲ ಸಲ ಆ ಕೋಣೆಗೆ ಕಾಲಿಟ್ಟೆ. ವಾಸನೆ ಇರಬಹುದೆಂದು ಉಸಿರು ಬಿಗಿಹಿಡಿದಿದ್ದೆ. ಪೌಡರಿನದು ಬಿಟ್ಟರೆ ಏನೂ ಇರಲಿಲ್ಲ. ಕಾಕು ಕಿಟಕಿಗೆ ಮುಖ ಮಾಡಿ ಮಲಗಿದ್ದರು, ತಲೆ ಬಾಚಿ ಜಡೆ ಹಾಕಿತ್ತು. ಕಿಟಕಿಯಾಚೆ ರೈಲ್ವೆ ಹಳಿ, ಒಂದಿಷ್ಟು ಆಕಾಶ, ಪಾರಿವಾಳ. ಇನ್ನೊಂದು ಕಡೆ ನೀರು ಇಳಿದು ಕಪ್ಪಾದ ಗೋಡೆ. ಮೂಲೆಯಲ್ಲಿ ಸೂಟ್‌ಕೇಸಿನಂಥ ಪ್ಲೇಯರ್. ಜೂಕ್‌ಬಾಕ್ಸಿನ ರೆಕಾರ್ಡಿಗೆ ನಡುವೆ ದೊಡ್ಡ ತೂತು ಇರುತ್ತದೆ; ಅದಕ್ಕೆ ಹವಾಯಿ ಚಪ್ಪಲಿಯ ಅಟ್ಟೆಯಿಂದ ಬಿಲ್ಲೆ ಕತ್ತರಿಸಿ ಕೂರಿಸಿದ್ದರು. ಕಲ್ಯಾಣಿನಿಂದ ತಂದ ರೆಕಾರ್ಡಿನ ಒಂದು ಬದಿಗೆ ಕುಂಕುಮದ ಬೊಟ್ಟು ಇಟ್ಟಿತ್ತು.

"ಬೊಟ್ಟು ಇದ್ದದ್ದು ಕಿಟಕಿ ಕಡೆಗೆ. ಇಲ್ಲದ್ದು ಗೋಡೆ ಕಡೆಗೆ" ಎಂದರು. ಆಮೇಲೆ ಬಗ್ಗಿ, "ಇವಳೇ, ಈಗ ತಿರುಗಿಸ್ತೇನೆ ಆಯ್ತಾ?" ಎಂದು ಹೇಳಿ, ಸ್ವಲ್ಪ ತಡೆದು, ಆಕೆಯನ್ನು ತಿರುಗಿಸಿದರು. ನನ್ನ ಕೈಯನ್ನೂ ಹಿಡಿದು ತೋರಿಸಿಕೊಟ್ಟರು. ಮೊದಲು ಮೊಣಕಾಲು ಮಡಚಬೇಕು. ಒಂದು ಕೈ ಹೆಗಲ ಹಿಂದೆ, ಒಂದು ಸೊಂಟದ ಹಿಂದೆ. "ದೂಡ್ಬೇಡ. ನಿನ್ನ ಕಡೆಗೆ ಎಳ್ಕೋ. ದೂಡಿದ್ರೆ ಬೀಳ್ತೇನೆ ಅಂತ ಹೆದರ್ತಾಳೆ. ಮುಟ್ಟುವ ಮೊದಲು ಹೇಳ್ಬೇಕು, ಯಾವಾಗ್ಲೂ." ಮೊಣಕಾಲುಗಳ ನಡುವೆ ದಿಂಬು ಇಟ್ಟು, ಹಾಸಿಗೆಯ ಸುಕ್ಕು ಕೈಯಿಂದ ಸವರಿ ತೆಗೆದರು. ಕಾಕುವಿನ ಗಂಟಲಿನಿಂದ ಸಣ್ಣ ನರಳಿಕೆ ಬಂತು. ಕೂಡಲೇ ಅವರು ರೆಕಾರ್ಡನ್ನು ತಿರುಗಿಸಿ ಮುಳ್ಳು ಇಟ್ಟರು. ಆ ನಿಧಾನದ ಹಾಡು ಬರತೊಡಗಿತು.

ಒಂದೇ ಮಗ್ಗುಲಲ್ಲಿ ಬಿಟ್ಟರೆ ಮಲಗಿದವರ ಮೈ ಹುಣ್ಣಾಗುತ್ತದೆ. ಅದಕ್ಕೆ ಎರಡು ತಾಸಿಗೊಮ್ಮೆ ತಿರುಗಿಸಲೇಬೇಕು. ಅವರ ಉಗುರು, ಅಂಗೈಯ ಪೌಡರ್ ಎಲ್ಲ ಅದಕ್ಕೇ. ಆಕೆಯ ಚರ್ಮಕ್ಕೆ ಗೀರು ಬೀಳಬಾರದು, ಕೈ ಅಂಟಬಾರದು.

"ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ನೋವು ಉಂಟು" ಎಂದರು. ಹಾಡಿಗೆ ಅವರು ಪದ್ಯ ಅನ್ನುತ್ತಿದ್ದರು. "ಅಷ್ಟು ಹೊತ್ತಿಗೆ ಒಂದು ಪದ್ಯ. ಪದ್ಯ ಮುಗಿಯುವಾಗ ನೋವೂ ಇಳಿದಿರ್ತದೆ. ಕಿಟಕಿ ಕಡೆಗಾದ್ರೆ ನೋಡ್ಲಿಕ್ಕೆ ಏನಾದ್ರೂ ಉಂಟು. ಗೋಡೆ ಕಡೆ ಹಾಕಿದಾಗ ಪದ್ಯವೂ ಸಪ್ಪೆ ಆದ್ರೆ ಇವಳು ಎಂತ ಮಾಡೂದು, ಹೇಳು?"

ಹಳೆಯ ರೆಕಾರ್ಡಿನ ಹುಚ್ಚಿನ ಮುದುಕ ಎಂದುಕೊಂಡಿದ್ದ ಮನುಷ್ಯ ಇವರು. ಮೇಲೆ ಬಂದು ಅವ್ವನಿಗೆ ಹೇಳುವಾಗ ನನಗೆ ಅಳು ಬಂತು. ಅವ್ವ, "ನಿಮ್ಮಪ್ಪಗ ನಾ ನೀರ್ ಕೊಡಂದ್ರ ಪೇಪರ್ ಓದ್ತಿದ್ದ" ಎಂದಳು.

ಇಷ್ಟು ವರ್ಷ ಎತ್ತಿ ಎತ್ತಿ ಕಾಕಾನಿಗೇ ಹರ್ನಿಯಾ ಆಯಿತು. ಆಪರೇಷನ್ ಆಗಲೇಬೇಕು, ಆಮೇಲೂ ಭಾರ ಎತ್ತಬಾರದು ಎಂದರು ಡಾಕ್ಟರು. ಅಷ್ಟು ದಿನ ಕಾಕುವನ್ನು ಸಾನಪಾಡಾದ ಒಂದು ಕೇರ್ ಸೆಂಟರಿನಲ್ಲಿ ಇಡುವುದೆಂದು ಮಗಳು ಹೇಳಿದಳು. ಕಾಕಾ ಎಷ್ಟೋ ದಿನ ಒಪ್ಪಲಿಲ್ಲ. ಅವರು ತುಳುವಿನಲ್ಲಿ ಹೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು: "ಪಪ್ಪಾ, ಆಪ್ ಹೀ ನಹೀ ರಹೇ ತೋ ಮಮ್ಮಿ ಕೋ ಕೌನ್ ದೇಖೇಗಾ?" ನೀವೇ ಇಲ್ಲವಾದರೆ ಅಮ್ಮನನ್ನು ನೋಡುವವರು ಯಾರು ಎಂಬ ಆ ಒಂದು ಮಾತಿಗೆ ಅವರು ಸೋತರು. ನಾನು ಅವಳನ್ನು ದೂರುವುದಿಲ್ಲ. ಕೆಲಸ, ಎರಡು ಮಕ್ಕಳು, ಚಿಕ್ಕ ಫ್ಲ್ಯಾಟು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಬಿಟ್ಟು ಬರಲು ನಾನೂ ಹೋಗಿದ್ದೆ. ಕಾಕಾ ಪ್ಲೇಯರನ್ನೂ ಆ ಬೊಟ್ಟಿನ ರೆಕಾರ್ಡನ್ನೂ ಜೊತೆಗೆ ಒಯ್ದಿದ್ದರು. ಅಲ್ಲಿಯ ಆಯಾ ತುರ್ಭೆಯಲ್ಲಿ ಇರುವವಳು, ರಾಯಚೂರು ಕಡೆಯವಳು. ಕನ್ನಡ ಕೇಳಿ ಕಾಕಾನಿಗೆ ಜೀವ ಬಂದಂತಾಯಿತು. ಅವಳನ್ನು ಕೂರಿಸಿಕೊಂಡು ಪಾಠ ಮಾಡಿದರು. ರೆಕಾರ್ಡು ಅಂಚಿನಲ್ಲೇ ಹಿಡಿಯಬೇಕು, ಮೈಗೆ ಬೆರಳು ತಾಗಿಸಬಾರದು, ಮುಳ್ಳನ್ನು ಮೆಲ್ಲಗೆ ಇಡಬೇಕು, ಬಿದ್ದರೆ ಒಡೆದೇ ಹೋಗ್ತದೆ, ಇನ್ನೊಂದು ಎಲ್ಲಿಯೂ ಸಿಗೂದಿಲ್ಲ, ಜಾಗ್ರತೆ. ಅವಳು ಎಲ್ಲಕ್ಕೂ "ಹೂನ್ರಿ ಅಜ್ಜಾರ" ಎಂದಳು. ಹೊರಡುವಾಗ ಕಾಕಾ ಹೆಂಡತಿಯ ಹಣೆ ಸವರಿ ತುಳುವಿನಲ್ಲಿ ಏನೋ ಹೇಳಿದರು. ಆಕೆಯ ಕಣ್ಣು ಅವರ ಹಿಂದೆಯೇ ಬಾಗಿಲ ತನಕ ಬಂತು.

ಆಪರೇಷನ್ ಆಗಿ ಕಾಕಾ ಮಲಗಿದ್ದರು, ಮಗಳು ಅವರ ಹತ್ತಿರ. ನಾನು ಒಂದು ಶನಿವಾರ ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಸಾನಪಾಡಾಕ್ಕೆ ಹೋದೆ. ಪ್ಲೇಯರ್ ಕಾಕುವಿನ ಮಂಚದ ಪಕ್ಕದಲ್ಲೇ ಇತ್ತು. ರೆಕಾರ್ಡಿನ ಮೇಲೆ ಕುಂಕುಮದ ಬೊಟ್ಟು ಕಾಣುತ್ತಿತ್ತು. ಅದರ ಸುತ್ತ ಮುಳ್ಳು ಓಡಾಡಿದ ಜಾಗ ಬಿಟ್ಟು ಉಳಿದಲ್ಲೆಲ್ಲ ಧೂಳು ಕೂತಿತ್ತು.

"ಹಾಡ ಹಚ್ತೀರೇನವಾ?" ಎಂದು ಆಯಾಳನ್ನು ಕೇಳಿದೆ.

"ದಿನಾ ಹಚ್ತೀನ್ರಿ ಅಕ್ಕಾರ. ಒಂದ ದಿನಾ ತಪ್ಸಿಲ್ಲ."

"ತಿರುವಿ ಹಾಕ್ತೀರೇನು?"

"ಇಲ್ರಿ. ಅಜ್ಜಾರು ಮುಟ್ಟಬ್ಯಾಡ, ಒಡದ್ರ ಎಲ್ಲೂ ಸಿಗಂಗಿಲ್ಲ ಅಂದಿದ್ರಲ್ರೀ. ಅಂಜಿಕಿ ಬಂತು. ಮುಳ್ಳಷ್ಟ ಹಿಂದಕ್ ಇಟ್ಟು ಅದನ್ನ ಹಚ್ತೀನಿ."

ಕಾಕು ನಾವು ಮಲಗಿಸಿ ಹೋದ ಅದೇ ಬಲಮಗ್ಗುಲಲ್ಲಿ ಇದ್ದರು. "ಮತ್ತ ಇವರ್ನ?" ಎಂದೆ.

ಅವಳು ತಲೆ ತಗ್ಗಿಸಿದಳು. "ಮುಂಜಾನಿ ಮೈ ಒರಸೂಮುಂದ ಒಮ್ಮೆ ಹೊಳ್ಳಸ್ತೀನ್ರಿ. ನಾ ಒಬ್ಬಾಕಿ ಅಕ್ಕಾರ, ಇಷ್ಟ ಮಂದಿ ಮಲಗ್ಯಾರ. ಯಾರ್ನಂತ ಹೊಳ್ಳಸ್ಲಿ?"

"ಕಾಕು, ತಿರುಗಸ್ತೀನ್ರಿ" ಎಂದು ಹೇಳಿ, ಮೊಣಕಾಲು ಮಡಚಿ, ನನ್ನ ಕಡೆಗೆ ಎಳೆದುಕೊಂಡೆ. ಸೊಂಟದ ಎಲುಬಿನ ಮೇಲೆ ಬಟ್ಟೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿದಾಗ ನೋಡಿದ್ದನ್ನು ಬರೆಯುವುದಿಲ್ಲ. ಆಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವಳ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಅಷ್ಟು ಜನಕ್ಕೆ ಒಬ್ಬಳನ್ನು ಇಟ್ಟು ಗೋಡೆಗೆಲ್ಲ ಹೂವಿನ ಚಿತ್ರ ಬರೆಸಿದವರ ಮೇಲೆ ಬಂದ ಸಿಟ್ಟು ಈಗಲೂ ಹೋಗಿಲ್ಲ.

ಮರುದಿನವೇ ಮಗಳು ಕಾಕುವನ್ನು ಮನೆಗೆ ತಂದಳು. ಹೊಲಿಗೆ ಇನ್ನೂ ಹಸಿಯಾಗಿದ್ದ ಹೊಟ್ಟೆ ಹಿಡಿದುಕೊಂಡು ಕಾಕಾ ಕಾಯುತ್ತಿದ್ದರು. ಹುಣ್ಣು ನೋಡಿ ಅವರು ಕೂಗಾಡಲಿಲ್ಲ. ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ನಾನು ರೆಕಾರ್ಡಿನ ಬಗ್ಗೆ ಅಷ್ಟು ಹೇಳಿದೆ. ಇವಳ ಬಗ್ಗೆ ಹೇಳಲೇ ಇಲ್ಲ. ಅದು ಅವರಿಗೆ ಗೊತ್ತಿರ್ತದೆ ಅಂದ್ಕೊಂಡೆ" ಎಂದರು. ನಿಮ್ಮ ತಪ್ಪಲ್ಲ ಎಂದು ನಾನೂ ಹೇಳಿದೆ, ಮಗಳೂ ಹೇಳಿದಳು. ಆ ಮಾತು ಅವರ ಕಿವಿಗೆ ಹೋಗಲಿಲ್ಲ.

ಹುಣ್ಣಿದ್ದದ್ದು ಕಿಟಕಿಯ ಕಡೆಗೆ ಮಲಗುವ ಮಗ್ಗುಲಲ್ಲಿ. ಹೀಗಾಗಿ ಕಾಕುವನ್ನು ಇನ್ನು ಗೋಡೆಯ ಕಡೆಗೆ ಮಾತ್ರ ಮಲಗಿಸಬಹುದಿತ್ತು. ನರ್ಸ್ ಒಬ್ಬಳು ಬಂದು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಕೆಳಗಿನಿಂದ ಚಪ್ಪಾಳೆ, ಸಿಳ್ಳೆಯ ಆ ಹಾಡು ಕೇಳಿಸಿತು. ಅದು ಮುಗಿದ ಕೂಡಲೇ, ನಡುವೆ ರೆಕಾರ್ಡು ತಿರುಗಿಸುವಷ್ಟೇ ಹೊತ್ತು ಬಿಟ್ಟು, ನಿಧಾನದ ಹಾಡು ಬಂತು. ಎರಡು ಹಾಡು ಒಂದರ ಹಿಂದೊಂದು ಬೇಕೆಂದು ಹಿಂದೆ ಬಾಗಿಲು ಬಡಿದಿದ್ದೆ. ಈಗ ಅವು ಬಂದಾಗ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಆಕೆಯನ್ನು ಇನ್ನು ಆ ಕಡೆ ತಿರುಗಿಸಲಾಗದು. ಅದಕ್ಕೆ ಅವರು ಕಿಟಕಿಯ ಹಾಡನ್ನೂ ಗೋಡೆಯ ಕಡೆಗೇ ಕೇಳಿಸುತ್ತಿದ್ದರು.

ನಂಜು ರಕ್ತಕ್ಕೆ ಏರಿತ್ತು. ಕಾಕು ಆ ತಿಂಗಳು ದಾಟಲಿಲ್ಲ.

ಆಮೇಲೆ ಕೆಳಗಿನಿಂದ ಹಾಡು ಬರಲೇ ಇಲ್ಲ. ಮಗಳು ಐರೋಲಿಗೆ ಕರೆದಳು, ಅವರು ಹೋಗಲಿಲ್ಲ. ಒಂದು ಸಂಜೆ ಪ್ಲೇಯರನ್ನೂ ರೆಕಾರ್ಡಿನ ಪೆಟ್ಟಿಗೆಯನ್ನೂ ಹೊತ್ತು, ಭಾರ ಎತ್ತಬಾರದ ಮನುಷ್ಯ, ನಮ್ಮ ಮನೆಗೆ ಹತ್ತಿ ಬಂದರು. "ನಿನ್ನಲ್ಲಿರ್ಲಿ. ನಿನ್ನ ಅಮ್ಮನಿಗೂ ವಯಸ್ಸಾಯ್ತಲ್ಲ" ಎಂದರು. ಒಳಗಿನಿಂದ ಅವ್ವ, "ನಾ ಇನ್ನೂ ಗಟ್ಟಿ ಅದೀನಿ!" ಎಂದು ಕೂಗಿದಳು. ಅವತ್ತು ಕಾಕಾ ನಕ್ಕರು. ನಾನು ಕಂಡ ಅವರ ಕೊನೆಯ ನಗು ಅದು. ಹೋಗುವಾಗ ಬಾಗಿಲಲ್ಲಿ ನಿಂತು, "ಅಲ್ಲಿ ಅಷ್ಟು ದಿನವೂ ಒಂದೇ ಪದ್ಯ ಕೇಳಿದ್ಳಲ್ಲ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಮಗಳ ಫೋನ್ ಬಂತು, ಪಪ್ಪಾ ಎತ್ತುತ್ತಿಲ್ಲ ಎಂದು. ನಮ್ಮಲ್ಲಿ ಅವರ ಬೀಗದ ಕೈ ಇತ್ತು. ಇಳಿದು ಹೋದೆ. ಕಾಕುವಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಕಾಕಾ, ಮುಟ್ತೀನ್ರಿ" ಎಂದು ಹೇಳಿಯೇ ಕೈ ಹಿಡಿದೆ. ತಣ್ಣಗಿತ್ತು. ಪೌಡರ್ ಇರಲಿಲ್ಲ. ಹತ್ತು ಬೆರಳಲ್ಲೂ ಉಗುರು ಉದ್ದಕ್ಕೆ ಬೆಳೆದಿದ್ದವು.

ಗಟ್ಟಿ ಅದೀನಿ ಎಂದಿದ್ದ ನನ್ನ ಅವ್ವ ಕಳೆದ ವರ್ಷ ಬಚ್ಚಲಲ್ಲಿ ಜಾರಿದಳು. ಸೊಂಟ ಮುರಿಯಿತು, ಮತ್ತೆ ಏಳಲಿಲ್ಲ. ಮಾತು ಮಾತ್ರ ಎಲ್ಲೂ ಹೋಗಿಲ್ಲ. ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಉಗುರು ತಿಕ್ಕಿ ನಯ ಮಾಡಿಕೊಳ್ಳುತ್ತೇನೆ. ನನ್ನ ಅಂಗೈ ಮುಟ್ಟಿದ್ದೆಲ್ಲ ಬೆಳ್ಳಗಾಗುತ್ತದೆ. ಪ್ಲೇಯರ್ ಹಚ್ಚಿದ ಮೊದಲ ದಿನ ಅವ್ವ, "ಆ ಇಂಗ್ರೇಜಿ ಗದ್ಲಾ ತಗಿ, ಭಜನಿ ಹಚ್ಚು" ಎಂದು ಬೈದಳು. ಬೈದದ್ದರಲ್ಲೇ ನೋವು ಮರೆತಿದ್ದಳು, ನಾನು ತೆಗೆಯಲಿಲ್ಲ.

ನಮ್ಮ ಕೋಣೆ ಕಾಕಾನ ಕೋಣೆಯ ಮೇಲೇ ಇರುವುದರಿಂದ ಕಿಟಕಿಯೂ ಅಲ್ಲೇ, ಗೋಡೆಯೂ ಅಲ್ಲೇ. ಮೊನ್ನೆ ಮಧ್ಯಾಹ್ನ, "ಅವ್ವಾ, ಹೊಳ್ಳಸ್ತೀನಿ ನೋಡು" ಎಂದು ಹೇಳಿ ಗೋಡೆಯ ಕಡೆಗೆ ತಿರುಗಿಸಿದೆ. ಅವಳು ಹಲ್ಲು ಕಚ್ಚಿಕೊಂಡಳು. ರೆಕಾರ್ಡನ್ನು ಬೊಟ್ಟು ಕೆಳಗಾಗುವಂತೆ ಹಾಕಿದೆ. ಮೌತ್ ಆರ್ಗನ್ ಶುರುವಾಯಿತು. ಕಲ್ಯಾಣಿನ ಆ ಹುಡುಗನ ದನಿ ಒಡೆಯುವ ಜಾಗ ಬಂದು ಹೋಯಿತು. ಹಾಡು ಮುಗಿಯುವ ಹೊತ್ತಿಗೆ ಅವ್ವನ ಉಸಿರು ಸಮಕ್ಕೆ ಬಂದಿತ್ತು. ಗೋಡೆ ನೋಡುತ್ತಲೇ ಅವಳು, "ಈ ಕಡೀದೂ ಛಲೋ ಐತಲ್ಲ" ಎಂದಳು.

ನಾನು ಮುಳ್ಳು ಎತ್ತಿಟ್ಟು, ಹಾಸಿಗೆಯ ಸುಕ್ಕು ಸವರಿದೆ. ಈ ಮಾತನ್ನು ಕೆಳಗಿಳಿದು ಹೋಗಿ ಕಾಕಾನಿಗೆ ಹೇಳಬೇಕೆಂದು ಎಷ್ಟು ಆಸೆಯಾಯಿತೆಂದರೆ, ಬಾಗಿಲ ತನಕ ಹೋಗಿದ್ದೆ.